ಸೈಕಲ್ ಸವಾರರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಿನಾ ಹೊಸೂರು ಸರ್ಕಲ್ ದಾಟಿ ನೇರ ಹೋಗಬೇಕ್ರಿ. ಎಡಕ್ಕ ನಿಂತರ ಫ್ರೀ ಲೆಫ್ಟ್‌ನವರು ಹಾರ್ನ್ ಹೊಡೀತಾರ, ನಡುವ ನಿಂತರ ಟಂಟಂ ಆಟೋದವರು ಬೈತಾರ. ಎಲ್ಲಿ ನಿಲ್ಲಬೇಕು?
– ವಿದ್ಯಾನಗರ, ಹುಬ್ಬಳ್ಳಿ

ನೇರ ಹೋಗುವ ಲೇನ್‌ಗಳಲ್ಲಿ ಎಲ್ಲಕ್ಕಿಂತ ಎಡಗಡೆಯದರಲ್ಲಿ, ಅದರ ನಟ್ಟನಡುವೆ ನಿಲ್ಲಿ. ಬೈದರೆ ಬೈಯಲಿ. ಎಡ ಅಂಚಿನಲ್ಲಿದ್ದರೆ ಎಡಕ್ಕೆ ಹೊರಳುವ ಕಾರು ನಿಮ್ಮನ್ನು ದಾಟಿದ ಕೂಡಲೇ ಮುಂಗಾಲಿಗೆ ಅಡ್ಡ ಬರುತ್ತದೆ. ಆಗ ಬ್ರೇಕ್ ಹಿಡಿಯಲೂ ಜಾಗ ಇರುವುದಿಲ್ಲ.

ಸರ್ಕಲ್ ಹತ್ತಿರ ಬಂದಮೇಲೆ ಲೇನ್ ಬದಲಿಸಬೇಡಿ. ಸುಮಾರು 30 ಮೀಟರ್ ಮೊದಲೇ ಬಲಭುಜದ ಮೇಲಿಂದ ಹಿಂದೆ ನೋಡಿ, ಬಲಗೈಯನ್ನು ನೆಟ್ಟಗೆ ಚಾಚಿ, ಮತ್ತೊಮ್ಮೆ ಹಿಂದೆ ನೋಡಿ ಆಮೇಲೆ ಸರಿಯಿರಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಈ 30 ಮೀಟರ್‌ಗೆ ಏಳು ಸೆಕೆಂಡು ಸಿಗುತ್ತದೆ, ಸಾಕು. ಸರ್ಕಲ್ ದಾಟಿದ ಮೇಲೆ ಎಡಕ್ಕೆ ಬನ್ನಿ, ಆದರೆ ಅಂಚಿನಿಂದ ಒಂದು ಮೀಟರ್ ಬಿಟ್ಟೇ ಹೋಗಿ. ನಿಂತ ಕಾರಿನ ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು.

ಸಿಗ್ನಲ್‌ನಲ್ಲಿ ನಿಂತ ಬಸ್ಸು, ಲಾರಿಗಳ ಎಡಮಗ್ಗುಲಿಗೆ ಮಾತ್ರ ಎಂದೂ ನುಗ್ಗಬೇಡಿ. ಎಡಕ್ಕೆ ಹೊರಳುವಾಗ ಅವುಗಳ ಹಿಂಗಾಲಿ ಮುಂಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಇನ್ನಷ್ಟು ಒಳಗೆ, ಅಂಚಿನ ಕಡೆಗೇ ಕೊಯ್ದುಕೊಂಡು ಬರುತ್ತದೆ. ನೀವು ನಿಂತಿರುವುದೂ ಅಲ್ಲೇ. ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ ಎಂದು ತಿಳಿಯಿರಿ. ಅಂಥ ಗಾಡಿಯ ಹಿಂದೆಯೇ ಇದ್ದುಬಿಡಿ.

ಪ್ರಶ್ನೆ: ಬಿಆರ್‌ಟಿಎಸ್ ರಸ್ತೆಯಲ್ಲಿ ಬಲಕ್ಕೆ ಹೊರಳಬೇಕಾದರೆ ಬಲ ಲೇನ್‌ಗೆ ಹೋಗಲೇಬೇಕೆ?
– ಧಾರವಾಡ

ಹೋಗದಿರುವುದೇ ಲೇಸು. ಹುಬ್ಬಳ್ಳಿ-ಧಾರವಾಡದ ಆ ರಸ್ತೆಯಲ್ಲಿ ನಡುವೆ ಚಿಗರಿ ಎಂಬ ಬಿಆರ್‌ಟಿಎಸ್ ಬಸ್ಸುಗಳಿಗೇ ಮೀಸಲಾದ ದಾರಿ, ಅದರ ಎರಡೂ ಬದಿಗೆ ಉಳಿದ ವಾಹನಗಳು. ಬಲಕ್ಕೆ ಸರಿಯಲು ಹೊರಟರೆ ವೇಗದ ವಾಹನಗಳನ್ನೆಲ್ಲ ದಾಟಿ ಬಸ್ ದಾರಿಯ ಅಂಚಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಎರಡು ಹಂತದಲ್ಲಿ ಹೊರಳಿ. ಹಸಿರು ಬಿದ್ದಾಗ ನೇರ ಹೋಗುವವರ ಜತೆ ದಾಟಿ ಎದುರಿನ ಎಡ ಮೂಲೆ ಸೇರಿ. ಅಲ್ಲಿ ಸೈಕಲ್ಲನ್ನು ಬಲಕ್ಕೆ ತಿರುಗಿಸಿದರೆ ಅಡ್ಡರಸ್ತೆಯಲ್ಲಿ ಕಾಯುತ್ತಿರುವ ವಾಹನಗಳ ಮುಂದೆ ಇರುತ್ತೀರಿ. ಝೀಬ್ರಾ ಪಟ್ಟಿ ಪಾದಚಾರಿಗಳಿಗೆ ಬಿಡಿ, ಆ ರಸ್ತೆಯ ಫ್ರೀ ಲೆಫ್ಟ್‌ಗೂ ಅಡ್ಡ ನಿಲ್ಲಬೇಡಿ. ಬಲಗಾಲಿನ ಪೆಡಲ್ ಅನ್ನು ಮುಂದಕ್ಕೆ, ತುಸು ಮೇಲಕ್ಕೆ ಇಟ್ಟುಕೊಂಡಿದ್ದರೆ ಅವರ ಹಸಿರು ಬಿದ್ದ ಕೂಡಲೇ ಒಂದೇ ಒತ್ತಿಗೆ ಸೈಕಲ್ ಹೊರಡುತ್ತದೆ. ಮೂಲೆಯಲ್ಲಿ ನಿಲ್ಲಲು ಜಾಗವಿಲ್ಲವೇ? ಇಳಿದು, ತಳ್ಳಿಕೊಂಡು ಝೀಬ್ರಾ ಮೇಲೆ ದಾಟಿ.

ಹಸಿರಿನ ಕೊನೆಗೆ ನುಗ್ಗುವುದು ಬೇಡ. 40 ಮೀಟರ್ ಅಗಲದ ಕೂಡುರಸ್ತೆ ದಾಟಲು ಓಟದಲ್ಲಿದ್ದರೂ ಹತ್ತು ಸೆಕೆಂಡು ಬೇಕು, ನಿಂತಲ್ಲಿಂದ ಹೊರಟರೆ ಇನ್ನೂ ಮೂರು ನಾಲ್ಕು. ಟೈಮರ್ ಅದಕ್ಕಿಂತ ಕಡಿಮೆ ತೋರಿಸಿದರೆ ನಿಂತುಬಿಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಿಳಿ ಬಣ್ಣದ ಪಟ್ಟಿ ಜಾರುತ್ತದೆ. ಬ್ರೇಕ್ ಅದಕ್ಕೆ ಮೊದಲೇ ಹಿಡಿಯಿರಿ, ಪಟ್ಟಿಯ ಮೇಲೆ ಹ್ಯಾಂಡಲ್ ತಿರುಗಿಸಬೇಡಿ.

ಪ್ರಶ್ನೆ: ಸಿಗ್ನಲ್ ಇಲ್ಲದ ಸರ್ಕಲ್‌ನಲ್ಲಿ?
– ಗದಗ

ಒಳಗೆ ಸುತ್ತುತ್ತಿರುವವರು ನಿಮ್ಮ ಬಲದಿಂದ ಬರುತ್ತಾರೆ, ಅವರಿಗೆ ಮೊದಲು ದಾರಿ ಕೊಡಿ. ಒಳಗೆ ಹೋದಮೇಲೆ ಲೇನಿನ ನಡುವೆ ಇರಿ. ಹೊರಬೀಳುವ ರಸ್ತೆಗೆ ಮೊದಲಿನ ರಸ್ತೆ ದಾಟಿದ ಮೇಲೆ ಎಡಗೈ ಚಾಚಿ, ಹಿಂದೆ ನೋಡಿ ಹೊರಗೆ ಬನ್ನಿ.