ಕಾಲಿಗೆ ಬಾವು ಬಂದರೆ ನೀರು ಕಡಿಮೆ ಮಾಡಬೇಕೇ?

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಸಂಜೆ ಕಾಲಿಗೆ ಬಾವು ಬರುವುದರಿಂದ ನೀರು ಕಡಿಮೆ ಕುಡಿಯಬೇಕೆಂದು ಅತ್ತೆ ಹೇಳುತ್ತಾರೆ. ಹೊಲಕ್ಕೆ ಹೋದಾಗ ಮೂತ್ರಕ್ಕೆ ಮರೆಯಿಲ್ಲವೆಂದು ನಾನೂ ಕುಡಿಯುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭದ ನೀರು ಸ್ವಲ್ಪ ಕಡಿಮೆ ಇದೆ ಎಂದರು. ನೀರು ಸಾಲದಿದ್ದರೆ ಹಾರ್ಮೋನು ಏರುಪೇರಾಗಿ ಮಗುವಿಗೆ ತೊಂದರೆಯಾಗುವುದು ನಿಜವೇ?
– ಹೆಸರು ಬೇಡ, ಸೇಡಂ ತಾಲ್ಲೂಕು

ಉತ್ತರ: ನೀರು ಬಿಟ್ಟರೆ ಬಾವು ಇಳಿಯುವುದಿಲ್ಲ. ಬೆಳೆದ ಗರ್ಭಕೋಶವು ರಕ್ತನಾಳಗಳನ್ನು ಒತ್ತುವುದರಿಂದಲೂ ಬಸುರಿಯ ಮೂತ್ರಪಿಂಡಗಳು ಉಪ್ಪು, ನೀರು ಎರಡನ್ನೂ ಹಿಡಿದಿಡುವುದರಿಂದಲೂ ಕಾಲು ಊದಿಕೊಳ್ಳುತ್ತದೆ.

ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಹೆಚ್ಚಿದರೂ ಮೆದುಳಿನ ಹೈಪೊಥಲಾಮಸ್ ಅದನ್ನು ಗುರುತಿಸುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಹಾರ್ಮೋನು ಹೊರಟು, ಮೂತ್ರವಾಗಿ ಹೋಗಬೇಕಾದ ನೀರನ್ನು ಮೂತ್ರಪಿಂಡಗಳು ಮರಳಿ ಹೀರುವಂತೆ ಮಾಡುತ್ತದೆ. ಬಸುರಿಯಲ್ಲಿ ಈ ಎಚ್ಚರಿಕೆ ಇನ್ನೂ ಬೇಗ ಮೊಳಗುತ್ತದೆ. ಇತ್ತ ಮಾಸು (ಪ್ಲಾಸೆಂಟಾ) ಉತ್ಪಾದಿಸುವ ಒಂದು ಕಿಣ್ವವು ವಾಸೊಪ್ರೆಸಿನನ್ನು ಒಡೆಯುತ್ತಲೇ ಇರುವುದರಿಂದ ತಾಯಿಯ ದೇಹವು ಅದನ್ನು ಹೆಚ್ಚು ತಯಾರಿಸಬೇಕಾಗುತ್ತದೆ. ರಕ್ತದ ಪ್ರಮಾಣವೇ ತಗ್ಗಿದರೆ ಮೂತ್ರಪಿಂಡ ಸ್ರವಿಸುವ ರೆನಿನ್, ಅದರಿಂದಾಗಿ ಆಲ್ಡೋಸ್ಟಿರೋನ್ ಕೂಡ ಏರುತ್ತವೆ. ಆಲ್ಡೋಸ್ಟಿರೋನ್ ಉಪ್ಪನ್ನು ಹಿಡಿದಿಡುವ ಹಾರ್ಮೋನು. ಅಂದರೆ ಅತ್ತೆಯವರ ಉಪಾಯ ತದ್ವಿರುದ್ಧವಾಗಿ ಕೆಲಸ ಮಾಡೀತು.

ಇನ್ನು ಮಗುವಿನ ವಿಷಯ. ತಾಯಿಯ ರಕ್ತ ಸಾಂದ್ರವಾದಾಗ ಮಾಸಿನ ಮೂಲಕ ಮಗುವಿನ ಕಡೆಯ ನೀರು ತಾಯಿಯ ಕಡೆಗೆ ಸರಿಯುತ್ತದೆ. ಆಗ ಮಗುವಿನ ಪಿಟ್ಯುಟರಿಯೂ ತನ್ನದೇ ವಾಸೊಪ್ರೆಸಿನ್ ಸ್ರವಿಸಿ, ಮಗು ಮೂತ್ರ ಮಾಡುವುದು ಕಡಿಮೆಯಾಗುತ್ತದೆ. ಬಸುರಿನ ಉತ್ತರಾರ್ಧದಲ್ಲಿ ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ ಆದ್ದರಿಂದ ಅದೂ ತಗ್ಗುತ್ತದೆ. ಹಾರ್ಮೋನುಗಳ ಈ ವಿವರ ಹೆಚ್ಚಾಗಿ ಕುರಿಗಳ ಮೇಲಿನ ಪ್ರಯೋಗಗಳಿಂದ ತಿಳಿದದ್ದು. ಹಾಗಾಗಿ ಮಗುವಿಗೆ ಶಾಶ್ವತ ಹಾನಿಯಾಯಿತೆಂದು ಹೆದರಬೇಡಿ. ಗರ್ಭದ ನೀರು ಕಡಿಮೆಯಿದ್ದ ಬಸುರಿಯರಿಗೆ ಎರಡು ಲೀಟರ್ ನೀರು ಕುಡಿಸಿದಾಗ ಕೆಲವೇ ಗಂಟೆಗಳಲ್ಲಿ ಅದು ಹೆಚ್ಚಿದ್ದೂ ಉಂಟು. ಆದರೆ ನೀರ್ಚೀಲ ಸೋರುವುದು, ಮಾಸಿನ ದೌರ್ಬಲ್ಯ, ಮಗುವಿನ ಮೂತ್ರಪಿಂಡದ ದೋಷ ಇವೂ ಕಾರಣವಾಗಿರಬಹುದು. ಆದ್ದರಿಂದ ವೈದ್ಯರು ಹೇಳಿದ ದಿನ ಮತ್ತೆ ಸ್ಕ್ಯಾನ್ ಮಾಡಿಸಲೇಬೇಕು.

ಬಿಸಿಲಲ್ಲಿ ಹೊಟ್ಟೆ ಬಿಗಿಯುವುದಕ್ಕೂ ಇಲ್ಲಿ ನಂಟಿರಬಹುದು. ವಾಸೊಪ್ರೆಸಿನ್ ಮತ್ತು ಹೆರಿಗೆ ನೋವು ತರುವ ಆಕ್ಸಿಟೋಸಿನ್ ಎರಡರಲ್ಲೂ ಒಂಬತ್ತು ಅಮೈನೋ ಆಮ್ಲಗಳಿದ್ದು (ಪ್ರೋಟೀನಿನ ಘಟಕಗಳು), ಏಳು ಒಂದೇ ತೆರನಾಗಿವೆ. ಈ ಹೋಲಿಕೆಯಿಂದಾಗಿ ವಾಸೊಪ್ರೆಸಿನ್ ಏರಿದಾಗ ಗರ್ಭಕೋಶವೂ ಬಿಗಿಯಬಹುದು. ಹಾಗೆಂದು ಅಕಾಲಿಕ ನೋವನ್ನು ನೀರು ಕುಡಿದೇ ನಿಲ್ಲಿಸಬಹುದೆಂದು ಕಾಯುತ್ತ ಕೂರಬೇಡಿ.

ದಿನಕ್ಕೆ ಸುಮಾರು ಎರಡೂವರೆ ಲೀಟರ್ ದ್ರವ ಬೇಕು. 40 ಡಿಗ್ರಿ ದಾಟುವ ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೀರಿನ ಜೊತೆಗೆ ತೆಳು ಮಜ್ಜಿಗೆ, ಜೋಳದ ಅಂಬಲಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕಷ್ಟು ಕುಡಿಯುತ್ತಿದ್ದೀರಿ ಎಂದರ್ಥ. ವಾಂತಿ ಭೇದಿಯಾದರೆ ಆಶಾ ಕಾರ್ಯಕರ್ತೆಯಿಂದ ಓಆರ್‌ಎಸ್ ಪಡೆದು, ಒಂದು ಲೀಟರ್‌ನ ಪ್ಯಾಕೆಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಬೆರೆಸಿ ಕುಡಿಯಿರಿ. ಮರೆಯಿಲ್ಲವೆಂದು ಬಾಯಾರಿಕೆ ತಡೆದುಕೊಳ್ಳುವುದು ನಿಮ್ಮೊಬ್ಬರ ಕಥೆಯಲ್ಲ. ನನ್ನ ಮಟ್ಟಿಗೆ ಇದು ಮನೆಯವರು ಪರಿಹರಿಸಬೇಕಾದ ವಿಷಯ, ಈ ತಿಂಗಳುಗಳಲ್ಲಿ ನಿಮ್ಮನ್ನು ಹೊಲಕ್ಕೆ ಕಳಿಸದಿರುವುದೇ ಅವರಿಗೆ ಸುಲಭದ ದಾರಿ.

ಮುಖ, ಕೈ ಊದಿಕೊಂಡರೆ, ತೀವ್ರ ತಲೆನೋವು ಬಂದರೆ, ಕಣ್ಣು ಮಂಜಾದರೆ, ನೀರು ಸೋರಿದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ತಾಯಿ ಕಾರ್ಡ್ ಹಿಡಿದು ತಕ್ಷಣವೇ ಆಸ್ಪತ್ರೆಗೆ ಹೋಗಿ.