ಸೆನ್ಸೋಜಿ: ಅಮ್ಮನ ಜೊತೆ ನೂಕುನುಗ್ಗಲಿಲ್ಲದೆ ನೋಡಲು

ಟೋಕಿಯೋದ ಸೆನ್ಸೋಜಿ ಬೌದ್ಧ ಮಂದಿರಕ್ಕೆ ಅಮ್ಮನ ಜೊತೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ನೂಕುನುಗ್ಗಲಿಗೆ ಅರ್ಧಕ್ಕೇ ವಾಪಸ್ ಬಂದೆವು ಅಂದಿದ್ದೀರಿ. ಬಹುಶಃ ಹೋದ ಹೊತ್ತು, ಹೋದ ದಾರಿ ಎರಡೂ ಕಾರಣ. ಕಾಮಿನಾರಿಮೋನ್ ದ್ವಾರದಿಂದ ಒಳಗೆ ಸುಮಾರು 250 ಮೀಟರ್ ನಾಕಾಮಿಸೆ ಅಂಗಡಿ ಬೀದಿ. ಅಂಗಡಿಗಳು ತೆರೆದ ಮೇಲೆ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ.

ನಾಳೆ ಏಳು ಗಂಟೆಯೊಳಗೆ ಅಲ್ಲಿರಿ. ಮುಖ್ಯ ಮಂದಿರ ಆರಕ್ಕೇ ತೆರೆಯುತ್ತದೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆರೂವರೆಗೆ. ಟಿಕೆಟ್ ಇಲ್ಲ. ತಡವಾದರೆ ಪೂರ್ವದ ನಿತೆನ್‌ಮೋನ್ ದ್ವಾರದಿಂದ ಬನ್ನಿ, ಅಂಗಡಿ ಬೀದಿಯೇ ತಪ್ಪುತ್ತದೆ. ಈ ದ್ವಾರವನ್ನು ಸುಮ್ನೆ ದಾಟಿಬಿಡಬೇಡಿ. 1945ರ ಬಾಂಬ್ ದಾಳಿಯಲ್ಲಿ ಸುಟ್ಟ ಮುಖ್ಯ ಮಂದಿರವನ್ನು 1958ರಲ್ಲಿ ಮತ್ತೆ ಕಟ್ಟಿದರು, ಆದರೆ ಕೆಂಪು ಬಣ್ಣದ ಈ ಮರದ ದ್ವಾರ ಮಾತ್ರ ಆ ಬೆಂಕಿಯನ್ನೂ ದಾಟಿ ಉಳಿದ ಹಳೆಯದೇ.

ಅಮ್ಮನಿಗೆ ಮೆಟ್ಟಿಲು ಕಷ್ಟವಾದರೆ ಮಂದಿರದ ಎಡಬದಿಗೆ ಹೋಗಿ, ಲಿಫ್ಟ್ ಇದೆ. ಮಂದಿರದ ಎದುರಿಗಿರುವ ದೊಡ್ಡ ಧೂಪದ ಪಾತ್ರೆಯ ಹೊಗೆಯನ್ನು ನೋವಿರುವ ಕಡೆಗೆ ಕೈಯಿಂದ ಎಳೆದುಕೊಳ್ಳುತ್ತಾರೆ, ನಮ್ಮಲ್ಲಿ ಮಂಗಳಾರತಿ ತಗೊಳ್ಳೋ ಹಾಗೆ, ಅಮ್ಮನಿಗೂ ಹೇಳಿ. ಒಳಗೆ ಕಾಣಿಕೆ ಹಾಕಿ ಸುಮ್ಮನೆ ಕೈಮುಗಿದರೆ ಸಾಕು. ಚಪ್ಪಾಳೆ ತಟ್ಟುವುದು ಪಕ್ಕದ ಅಸಾಕುಸಾ ಶಿಂಟೋ (ಜಪಾನಿನ ಸ್ವಂತ ಧರ್ಮ) ಗುಡಿಯಲ್ಲಿ, ಇಲ್ಲಲ್ಲ. 100 ಯೆನ್‌ನ ಭವಿಷ್ಯದ ಚೀಟಿಯಲ್ಲಿ ಕೆಟ್ಟದ್ದು ಬಂದರೆ ಅಲ್ಲೇ ಇರುವ ತಂತಿಗೆ ಕಟ್ಟಿ ಬನ್ನಿ. ಚಿಲ್ಲರೆ ಮಾತ್ರ ಮರೆಯದೆ ಇಟ್ಟುಕೊಳ್ಳಿ.