ವೈದ್ಯರಲ್ಲಿ ಕೇಳಿ: ಅಂಗಾಲಿನ ಹುಣ್ಣು ಮತ್ತು ಮನೆಯ ಬದುಕು

ಪ್ರಶ್ನೆ: ನಮ್ಮ ಯಜಮಾನರಿಗೆ 57 ವರ್ಷ, ತಿಪಟೂರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದಾರೆ. 14 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಆಣಿಯಂತೆ ಗಟ್ಟಿಯಾಗಿದ್ದ ಜಾಗ ಒಡೆದು ಹುಣ್ಣಾಗಿ ಏಳು ತಿಂಗಳಾಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸುತ್ತೇವೆ. ‘ಕಾಲಿನ ಮೇಲೆ ಭಾರ ಹಾಕಬೇಡಿ’ ಎಂದು ಆಸ್ಪತ್ರೆಯಲ್ಲಿ ಪ್ರತಿ ಸಲವೂ ಹೇಳುತ್ತಾರೆ. ನೋವೇ ಇಲ್ಲದ್ದರಿಂದ ಇವರು ಅಂಗಡಿಯಲ್ಲಿ ನಿಂತೇ ಇರುತ್ತಾರೆ. ಈಚೆಗೆ ವಾಸನೆ ಬರುತ್ತದೆಂದು ಮದುವೆ, ಗೃಹಪ್ರವೇಶಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಊಟದ ಹೊತ್ತಿಗೆ ಮೊಮ್ಮಗಳು ಪಕ್ಕದಲ್ಲಿ ಕುಳಿತರೆ ಎದ್ದು ಹೋಗುತ್ತಾರೆ. ಹುಣ್ಣು ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ, ನಾವು ಹೇಗಿದ್ದೇವೆ ಎಂದು ಯಾರೂ ಕೇಳುವುದಿಲ್ಲ. ಏನು ಮಾಡಲಿ ಡಾಕ್ಟರೇ?
— ಓದುಗರೊಬ್ಬರು, ತಿಪಟೂರು

ಉತ್ತರ: ತಾಯಿ, ನಿಮ್ಮ ಪತ್ರದ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹುಣ್ಣು ಏಳು ತಿಂಗಳಾದರೂ ಮಾಗದಿರುವುದಕ್ಕೂ ಅದಕ್ಕೂ ನೇರ ಸಂಬಂಧವಿದೆ. ‘ಭಾರ ಹಾಕಬೇಡಿ’ ಎಂದು ಚೀಟಿಯಲ್ಲಿ ಬರೆಯುವುದು ನಮಗೆ ಸುಲಭ. ಆದರೆ ಅಂಗಡಿ ನಡೆಸುವ ಮನುಷ್ಯನಿಗೆ ಅದು ಗಿರಾಕಿ, ಸಂಪಾದನೆ, ಊರಿನವರ ಒಡನಾಟ ಎಲ್ಲವನ್ನೂ ಬಿಡು ಎಂದು ಹೇಳಿದಂತೆ ಕೇಳಿಸುತ್ತದೆ. ಅವರು ಆ ಮಾತನ್ನು ಪಾಲಿಸದಿದ್ದರೆ ಅದನ್ನು ಹಟವೆಂದು ನಾನು ಕರೆಯಲಾರೆ.

ನೋವಿಲ್ಲದಿರುವುದು ಇಲ್ಲಿ ಒಳ್ಳೆಯ ಲಕ್ಷಣವಲ್ಲ. ಬಹುಕಾಲದ ಸಕ್ಕರೆಯಿಂದ ಪಾದದ ನರಗಳು ಮರಗಟ್ಟಿರುತ್ತವೆ. ರೋಗಿಯೊಬ್ಬರು ನನ್ನ ಮುಂದೆ ಚಪ್ಪಲಿ ಕಳಚಿದಾಗ ಅಟ್ಟೆಯನ್ನು ತೂರಿ ಬಂದ ಮೊಳೆಯ ತುದಿ ಒಳಗಡೆ ಹೊಳೆಯುತ್ತಿತ್ತು. ಎರಡು ದಿನ ಅದರ ಮೇಲೆಯೇ ಓಡಾಡಿದ್ದ ಅವರು ರಕ್ತದ ಕಲೆ ಕಂಡು ಬಂದಿದ್ದರೇ ಹೊರತು ನೋವಿನಿಂದಲ್ಲ. ನಿಮ್ಮ ಯಜಮಾನರ ಪ್ರತಿ ಹೆಜ್ಜೆಯೂ ಅದೇ ರೀತಿ ಹುಣ್ಣನ್ನು ಮತ್ತೆ ಜಜ್ಜುತ್ತಿದೆ.

ಇದಕ್ಕೆ ಒಂದು ಹಳೆಯ ಉಪಾಯವಿದೆ. ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಮೈಗೆ ಒತ್ತಿ ಕೂರುವಂತೆ ಪ್ಲಾಸ್ಟರ್ ಕಟ್ಟಿದರೆ ಭಾರವು ಇಡೀ ಪಾದಕ್ಕೂ ಕಾಲಿಗೂ ಹಂಚಿಹೋಗಿ, ಮನುಷ್ಯ ಅಲ್ಪಸ್ವಲ್ಪ ನಡೆದಾಡುತ್ತಿರುವಾಗಲೇ ಹುಣ್ಣು ಮಾಗುತ್ತದೆ. 1950ರ ದಶಕದಲ್ಲಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಹೀಗೆ ಪ್ಲಾಸ್ಟರ್ ಕಟ್ಟುತ್ತಿದ್ದರು. ಮುಂದೆ ಅಮೆರಿಕಕ್ಕೆ ಹೋದ ಈ ವಿಧಾನ ಸಕ್ಕರೆ ಕಾಯಿಲೆಯವರಿಗೂ ಬಳಕೆಯಾಯಿತು. ಬಿಚ್ಚಿಡಬಹುದಾದ ಬೂಟು ಕೊಟ್ಟರೆ ಆಗದೇ ಎಂದು ಕೇಳಬಹುದು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅಂಥ ಬೂಟು ಪಡೆದವರು ದಿನದ ನೂರು ಹೆಜ್ಜೆಗಳಲ್ಲಿ ಸುಮಾರು 28ನ್ನು ಮಾತ್ರ ಅದನ್ನು ತೊಟ್ಟು ಇಟ್ಟಿದ್ದರು. ಸೋಂಕು ಹೆಚ್ಚಿದ್ದರೆ ಅಥವಾ ರಕ್ತಸಂಚಾರ ಕಡಿಮೆಯಿದ್ದರೆ ಪ್ಲಾಸ್ಟರ್ ಕಟ್ಟುವಂತಿಲ್ಲ. ನಾಲ್ಕು ವಾರಗಳ ಸರಿಯಾದ ಚಿಕಿತ್ಸೆಯಲ್ಲಿ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ಕಾಲಿನ ರಕ್ತನಾಳಗಳನ್ನೂ ಒಳಗಿನ ಮೂಳೆಯನ್ನೂ ಮತ್ತೆ ಪರೀಕ್ಷಿಸಬೇಕೆಂಬುದು ನಿಯಮ. ಏಳು ತಿಂಗಳಾಗಿರುವ ನೀವು ಇದನ್ನು ಕೇಳಿಯೇ ಪಡೆಯಿರಿ.

ಅಂಗಡಿಯನ್ನು ಬಿಡಿಸಬೇಡಿ, ಅವರನ್ನು ಕೂರಿಸಿ. ಗಲ್ಲಾದ ಹಿಂದೆ ಒಂದು ಕುರ್ಚಿ, ಕಾಲು ಚಾಚಲು ಎದುರಿಗೊಂದು ಸ್ಟೂಲು. ತೂಗಿ ಕಟ್ಟಿಕೊಡಲು ಒಬ್ಬ ಹುಡುಗ. ಅವನ ಸಂಬಳ ಖರ್ಚೆನಿಸಿದರೆ ಇಲ್ಲಿಯತನಕ ಡ್ರೆಸ್ಸಿಂಗ್‌ಗೆ ಆದ ಖರ್ಚನ್ನು ಪಕ್ಕದಲ್ಲಿ ಬರೆದು ನೋಡಿ. ಸ್ನಾನವನ್ನೂ ಕುಳಿತೇ ಮಾಡಲಿ.

ವಾಸನೆಯನ್ನು ಪೌಡರ್, ಅತ್ತರಿನಿಂದ ಮುಚ್ಚಬೇಡಿ. ಅದು ಸೋಂಕಿನ ಅಥವಾ ಕೊಳೆತ ಚರ್ಮದ ಸೂಚನೆಯಾಗಿರಬಹುದು. ಹುಣ್ಣನ್ನು ಸರಿಯಾಗಿ ಶುಚಿಗೊಳಿಸಿದರೆ ವಾಸನೆಯೂ ಬಹಳ ಮಟ್ಟಿಗೆ ಇಳಿಯುತ್ತದೆ. ಸಮಾರಂಭವಿದ್ದ ದಿನ ಹೊರಡುವ ಮುನ್ನ ಹೊಸ ಪಟ್ಟಿ ಹಾಕಿಸಿಕೊಂಡು ಹೋಗಬಹುದು. ಸುತ್ತ ಕೆಂಪು ಹರಡಿದರೆ, ಚಳಿಜ್ವರ ಬಂದರೆ, ಚರ್ಮ ಕಪ್ಪಾದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಊಟದಿಂದ ಎದ್ದು ಹೋಗುವುದನ್ನು ನಾನು ಹುಣ್ಣಿನಷ್ಟೇ ಗಂಭೀರವಾಗಿ ನೋಡುತ್ತೇನೆ. ಮೊದಲ ಬಾರಿ ಪಾದದ ಹುಣ್ಣಾದ 253 ಜನರನ್ನು ಲಂಡನ್ನಿನ ವೈದ್ಯರು ಗಮನಿಸಿದಾಗ (2007) ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆಯಿತ್ತು; ಅಂಥವರಲ್ಲಿ ಮುಂದಿನ ಹದಿನೆಂಟು ತಿಂಗಳ ಸಾವಿನ ಅಪಾಯವೂ ಹೆಚ್ಚಾಗಿತ್ತು. ಮುಂದಿನ ಭೇಟಿಯಲ್ಲಿ ಅವರ ನಿದ್ದೆ, ಊಟ, ಬೇಸರದ ವಿಚಾರವನ್ನು ನೀವೇ ಎತ್ತಿ, ಅದಕ್ಕೂ ಮದ್ದಿದೆ. ವಾರಕ್ಕೊಮ್ಮೆಯಾದರೂ ಡ್ರೆಸ್ಸಿಂಗ್‌ಗೆ ಕರೆದೊಯ್ಯುವ ಕೆಲಸವನ್ನು ಮಕ್ಕಳಿಗೆ ವಹಿಸಿ, ಆ ಹೊತ್ತು ನೀವು ಮಲಗಿ.

ಪ್ರಶ್ನೆ: ನನ್ನ ತಾಯಿಯ ಹುಣ್ಣು ಪೂರ್ತಿ ಮಾಗಿದೆ. ಇನ್ನು ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋಗಬಹುದೇ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಬರಿಗಾಲು ಬೇಡ. ಮಾಗಿದ ಹುಣ್ಣು ನೂರರಲ್ಲಿ ಸುಮಾರು 40 ಜನರಿಗೆ ಒಂದೇ ವರ್ಷದೊಳಗೆ ಮರಳುತ್ತದೆ. ನಿಮ್ಮೂರಿನ ಬಿಸಿಲಿಗೆ ಕಾದ ಕಲ್ಲುಹಾಸು ಸ್ಪರ್ಶವಿಲ್ಲದ ಅಂಗಾಲನ್ನು ಬೊಬ್ಬೆ ಏಳುವಂತೆ ಸುಟ್ಟರೂ ಅವರಿಗೆ ತಿಳಿಯದು. ಹೊಸಿಲಿನವರೆಗೆ ಹಿಂಬದಿ ಪಟ್ಟಿಯಿರುವ ಎಂಸಿಆರ್ (ಮೆತ್ತನೆಯ ರಬ್ಬರ್ ಅಟ್ಟೆಯ) ಚಪ್ಪಲಿ, ದೇವಸ್ಥಾನದ ಒಳಗೆ ದಪ್ಪ ಹತ್ತಿಯ ಕಾಲುಚೀಲ, ಹೋಗುವುದು ಬೆಳಗಿನ ಪೂಜೆಗೆ. ಮನೆಗೆ ಬಂದ ಕೂಡಲೇ ಎರಡೂ ಅಂಗಾಲುಗಳನ್ನು ನೀವು ಕಣ್ಣಾರೆ ನೋಡಿ.